ಎಚ್‌ಪಿವಿ ಲಸಿಕೆಯಿಂದ ಕ್ಯಾನ್ಸರ್ ಬರುವುದಿಲ್ಲ: ಸ್ಪಷ್ಟನೆ

‘ಗರ್ಭಕಂಠದ ಕ್ಯಾನ್ಸರ್ ಲಸಿಕೆ ಅಂತ ಆ ವೈರಸ್ಸನ್ನೇ ಹೆಣ್ಣುಮಕ್ಕಳ ಮೈಗೆ ಚುಚ್ಚುತ್ತಾರೆ, ಮುಂದೆ ಅದೇ ಕ್ಯಾನ್ಸರ್ ಆಗುತ್ತೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್ಸಿಗೂ ಈ ಕ್ಯಾನ್ಸರ್‌ಗೂ ನಂಟಿರುವುದೇನೋ ನಿಜ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ತಂಡ 1983ರಲ್ಲಿ ಗರ್ಭಕಂಠದ ಕ್ಯಾನ್ಸರ್ ಗೆಡ್ಡೆಯೊಳಗೆ ಈ ವೈರಸ್ಸಿನ ಒಂದು ಬಗೆಯಾದ ಎಚ್‌ಪಿವಿ 16ರ ಡಿಎನ್‌ಎ ಪತ್ತೆಹಚ್ಚಿತು; 2008ರಲ್ಲಿ ಹೌಸೆನ್ ಅವರಿಗೆ ನೊಬೆಲ್ ಬಂತು. ಕಿತಾಪತಿಯೆಲ್ಲ ವೈರಸ್ಸಿನ ಇ6, ಇ7 ಜೀನ್‌ಗಳದು. ಜೀವಕೋಶ ಎಗ್ಗಿಲ್ಲದೆ ಹೆಚ್ಚದಂತೆ ತಡೆಯುವ ಪಿ53, ಆರ್‌ಬಿ ಪ್ರೋಟೀನ್‌ಗಳನ್ನು ಅವು ಕೆಡಿಸಿಬಿಡುತ್ತವೆ. ಲಸಿಕೆಯಲ್ಲಿ ಆ ಜೀನ್‌ಗಳೇ ಇಲ್ಲ. ಇರುವುದು ವೈರಸ್ಸಿನದೇ ಎಲ್1 ಎಂಬ ಪ್ರೋಟೀನಿನ ಹೊರಕವಚ ಮಾತ್ರ, ಕಾಳಿಲ್ಲದ ಜೊಳ್ಳಿನ ಹಾಗೆ, ಬಿತ್ತಿದರೂ ಮೊಳೆಯದು.

ಅಂದಹಾಗೆ, ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯದ ಕಾರಣ, ಹಾಕಿಸಿಕೊಂಡವರೂ ಮುಂದೆ ಗರ್ಭಕಂಠದ ತಪಾಸಣೆ ಬಿಡಬಾರದು.