ಬೆಂಚಿಗೆ ಹೇಳಿದ್ದು ಕೋಚ್‌ಗೆ ಮುಟ್ಟಿತಾ?

ಕಳೆದ ವಾರ ಶಿವಮೊಗ್ಗದಲ್ಲಿ ಒಂದು ಕಾಲೇಜು ಬಾಸ್ಕೆಟ್‌ಬಾಲ್ ಮ್ಯಾಚ್ ನೋಡೋಕೆ ಹೋಗಿದ್ದೆ. ರೆಫರಿಯಾಗಿ ಅಲ್ಲ, ಸುಮ್ನೆ. ಕಟ್ಟೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ಇದ್ದೆ. ಮೂರನೇ ಕ್ವಾರ್ಟರ್‌ನಲ್ಲಿ ರೆಫರಿ ವಿಶಲ್ ಊದಿ, ಎರಡೂ ಅಂಗೈ ಸೇರಿಸಿ 'ಟಿ' ಆಕಾರ ಮಾಡಿ, ಬೆಂಚಿನ ಕಡೆ ಕೈ ತೋರಿಸಿದರು. ನನ್ನ ಪಕ್ಕ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರಿದ್ದರು, ಮೊಮ್ಮಗನ ಆಟ ನೋಡೋಕೆ ಬಂದವರು. "ಅಲ್ಲ ಮಾರಾಯ, ಆ ಹುಡುಗ ಆಡ್ತಾನೇ ಇಲ್ಲ. ಕೂತೋನಿಗೆ ಎಂಥ ಫೌಲು?" ಅಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಟೀವಿಯಲ್ಲಿ ಕಬಡ್ಡಿ ನೋಡಿದವರಿಗೆ ಕಾರ್ಡ್ ಗೊತ್ತು. ಹಸಿರು ಬಂದರೆ ಎಚ್ಚರಿಕೆ, ಹಳದಿ ಬಂದರೆ ಎರಡು ನಿಮಿಷ ಹೊರಗೆ, ಕೆಂಪು ಬಂದರೆ ಕಥೆ ಮುಗೀತು. ಬಾಸ್ಕೆಟ್‌ಬಾಲ್‌ನಲ್ಲಿ ಕಾರ್ಡೇ ಇಲ್ಲ. ಎಚ್ಚರಿಕೆ ಕೊಟ್ಟಿದ್ದು ಕಟ್ಟೆ ಮೇಲೆ ಕೂತವರಿಗೆ ಕಾಣೋದೇ ಇಲ್ಲ. ಹಾಗಾಗಿ ಆ 'ಟಿ', ಅಂದರೆ ನಡತೆ ತಪ್ಪಿದ್ದಕ್ಕೆ ಕೊಡೋ ಟೆಕ್ನಿಕಲ್ ಫೌಲ್, ಬಿದ್ದಾಗಲೆಲ್ಲ ರೆಫರಿಗೆ ತಲೆ ಕೆಟ್ಟಿದೆ ಅಂತಲೇ ಜನ ಅಂದುಕೊಳ್ಳೋದು.

ಹಿರಿಯರಿಗೆ ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಬೆಂಚಿನಲ್ಲಿ ಕೂತ ಬದಲಿ ಆಟಗಾರ, ಐದು ಫೌಲ್ ಆಗಿ ಹೊರಗೆ ಬಂದವನು, ಅಸಿಸ್ಟೆಂಟ್ ಕೋಚ್, ಮ್ಯಾನೇಜರ್, ಇವರಲ್ಲಿ ಯಾರು ಎಲ್ಲೆ ಮೀರಿದರೂ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಅದು ಬರೆಯೋದು ಹೆಡ್ ಕೋಚ್ ಹೆಸರಿನ ಮುಂದೆ. ಸ್ಕೋರ್ ಶೀಟಿನಲ್ಲಿ ಆಟಗಾರರ ಪಟ್ಟಿ ಮುಗಿದ ಮೇಲೆ ಕೋಚ್ ಹೆಸರು, ಅದರ ಪಕ್ಕ ಮೂರು ಪುಟ್ಟ ಚೌಕ. ಕೋಚ್ ತಾನೇ ಕೂಗಾಡಿದರೆ 'ಸಿ', ಬೆಂಚಿನವರು ಮಾಡಿದರೆ 'ಬಿ'. ಎರಡು ಸಿ ಆದರೆ ಕೋಚ್ ಹೊರಗೆ. ಮೂರು ಬಿ ಆದರೂ, ಎರಡು ಬಿ ಒಂದು ಸಿ ಆದರೂ ಹೊರಗೆ. ಹೊರಗೆ ಅಂದರೆ ಕಟ್ಟೆಗೆ ಬಂದು ನಮ್ಮ ಜೊತೆ ಮಂಡಕ್ಕಿ ತಿನ್ನೋ ಹಾಗಿಲ್ಲ, ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು ಇಲ್ಲಾ ಜಾಗ ಖಾಲಿ ಮಾಡಬೇಕು. ಒಂದೊಂದಕ್ಕೂ ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಒಂದು ಎಸೆತ, ಬಿದ್ದರೆ ಒಂದು ಪಾಯಿಂಟ್. ತಂಡದ ಫೌಲ್ ಲೆಕ್ಕಕ್ಕೆ ಮಾತ್ರ ಇವು ಸೇರೋದಿಲ್ಲ, ಅಷ್ಟು ಪುಣ್ಯ. ಫುಟ್‌ಬಾಲ್‌ನಲ್ಲೂ 2019ರಿಂದ ಹೆಚ್ಚುಕಡಿಮೆ ಇದೇ ಕಥೆ. ಬೆಂಚಿನಲ್ಲಿ ಯಾರು ಕೂಗಿದ್ದು ಅಂತ ಗೊತ್ತಾಗದಿದ್ದರೆ ಅಲ್ಲಿರೋ ದೊಡ್ಡ ಕೋಚ್‌ಗೇ ಕಾರ್ಡ್.

"ಮಕ್ಕಳು ಪಕ್ಕದ ಮನೆ ಹಂಚು ಒಡೆದರೆ ಬಂದು ಕೇಳೋದು ಅಪ್ಪನ್ನೇ ಅಲ್ವಾ?" ಅಂದೆ.

"ಹಂಗಾದ್ರೆ ಅಪ್ಪಂಗೆ ಮೊದ್ಲೇ ಒಂದು ಮಾತು ಹೇಳ್ಬೇಕಲ್ಲ ಮತ್ತೆ?" ಅಂದರು.

ನನಗೆ ಅಲ್ಲೇ ಚುಚ್ಚಿತು. ಯಾಕೆ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ನಾನು ರೆಫರಿಯಾಗಿದ್ದ ಒಂದು ಮ್ಯಾಚ್. ಒಂದು ಬೆಂಚಿನ ತುದಿಯಲ್ಲಿ ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡ ಹುಡುಗ ಕೂತಿದ್ದ. ಆಡೋಕಾಗಲ್ಲ, ಹೊಟ್ಟೆಯಲ್ಲಿ ಬೆಂಕಿ. ಎದುರು ತಂಡದವರು ಆ ಮೂಲೆಯಿಂದ ಮೂರು ಪಾಯಿಂಟಿಗೆ ಎಸೆಯೋ ಹೊತ್ತಿಗೆ ಸರಿಯಾಗಿ ಒಳ್ಳೇ ಕಾಲಿನಲ್ಲಿ ನೆಲ ಕುಟ್ಟಿ "ಹೋಯ್!" ಅಂತ ಕೂಗೋನು. ಮೊದಲ ಸಲ ಚೆಂಡು ಬುಟ್ಟಿಗೆ ಬಿತ್ತು, ನಾನು ಕಣ್ಣು ಬಿಟ್ಟು ನೋಡಿದೆ. ಎರಡನೇ ಸಲವೂ ಬಿತ್ತು, ಓಡ್ತಾ ಓಡ್ತಾನೇ "ಏಯ್, ಸಾಕು" ಅಂದೆ. ನಾಲ್ಕನೇ ಕ್ವಾರ್ಟರ್, ಎರಡು ನಿಮಿಷವೂ ಉಳಿದಿಲ್ಲ, ಮತ್ತೆ ಕುಟ್ಟಿದ. ಈ ಸಲ ಚೆಂಡು ರಿಂಗಿಗೆ ಬಡಿದು ಆಚೆ ಹೋಯಿತು. ವಿಶಲ್ ಊದಿದೆ, ಟಿ ತೋರಿಸಿದೆ. ಎದುರಿನವರು ಫ್ರೀ ಥ್ರೋ ಹಾಕಿದರು. ಆ ಹುಡುಗನ ತಂಡ ಸೋತಿದ್ದು ಸರಿಯಾಗಿ ಒಂದೇ ಪಾಯಿಂಟಿಗೆ.

ಮುಗಿದ ಮೇಲೆ ಅವರ ಕೋಚ್, ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣದ) ಸರ್ ಬಂದರು. ಕೂಗಾಡಲಿಲ್ಲ. "ಅವನು ಮಾಡಿದ್ದು ತಪ್ಪೇ ಸರ್. ಆದ್ರೆ ನೀವು ನಂಗೆ ಯಾವಾಗ ಹೇಳಿದ್ರಿ?" ಅಂದರು. ಉತ್ತರ ಇರಲಿಲ್ಲ.

ನಿಯಮ ನೋಡಿದರೆ ನನ್ನ ಟೆಕ್ನಿಕಲ್ ತಪ್ಪಲ್ಲ. ಎಸೆಯೋನಿಗೆ ತೊಂದರೆ ಆಗೋ ಹಾಗೆ ಕೂಗಿದರೆ, ಕಾಲು ಕುಟ್ಟಿದರೆ ನೇರವಾಗಿ ಕೊಡಬಹುದು. ತೊಂದರೆ ಆಗದೆ ಚೆಂಡು ಬಿದ್ದರೆ ಎಚ್ಚರಿಕೆ ಕೊಡಬೇಕು. ಅಂದರೆ ಮೊದಲ ಸಲ ಬಿದ್ದಾಗಲೇ ನಾನು ಎಚ್ಚರಿಕೆ ಕೊಡಬೇಕಿತ್ತು. ಕಣ್ಣು ಬಿಡೋದು, ಓಡುವಾಗ ಗೊಣಗೋದು ಎಚ್ಚರಿಕೆ ಅಲ್ಲ. ಚೆಂಡು ಡೆಡ್ ಆಗಿ ಗಡಿಯಾರ ನಿಂತಿರಬೇಕು, ತಪ್ಪು ಮಾಡಿದವನಿಗೆ ಹೇಳಬೇಕು, ಹೇಳಿದ್ದು ಹೆಡ್ ಕೋಚ್‌ಗೂ ಮುಟ್ಟಬೇಕು. ಆಮೇಲೆ ಅಂಥದ್ದೇ ಕೆಲಸಕ್ಕೆ ಆ ಎಚ್ಚರಿಕೆ ಇಡೀ ತಂಡಕ್ಕೆ, ಮ್ಯಾಚ್ ಮುಗಿಯೋವರೆಗೂ ಅನ್ವಯ. ನಾನು ಒಬ್ಬ ಹುಡುಗನನ್ನ ಗದರಿಸಿ ಕೈ ತೊಳೆದುಕೊಂಡಿದ್ದೆ.

ನಮ್ಮ ಕಡೆ ಇದು ಜಾಸ್ತಿ. ಕಾರಣ ಏನಂದ್ರೆ ಎಲ್ಲರೂ ಗುರುತಿನವರೇ. ಸಾಗರದ ಕೋಚ್, ಭದ್ರಾವತಿಯ ರೆಫರಿ, ಟೇಬಲ್‌ನಲ್ಲಿ ಸ್ಕೋರ್ ಬರೆಯೋನು, ಎಲ್ಲ ಒಂದು ಕಾಲಕ್ಕೆ ಜೊತೆಗೆ ಆಡಿದವರು, ಇಲ್ಲಾ ಒಬ್ಬರ ಹತ್ತಿರ ಇನ್ನೊಬ್ಬರು ಕಲಿತವರು. ಹೆಡ್ ಕೋಚ್ ಇಲ್ಲಾ ಮೊದಲ ಅಸಿಸ್ಟೆಂಟ್, ಇಬ್ಬರಲ್ಲಿ ಒಬ್ಬರು ಮಾತ್ರ ನಿಂತಿರಬಹುದು ಅಂತಿದೆ. ನಮ್ಮಲ್ಲಿ ಇಬ್ಬರೂ ನಿಂತಿರ್ತಾರೆ, ಜೊತೆಗೆ ಹಳೇ ವಿದ್ಯಾರ್ಥಿಗಳು ಮೂರು ಜನ. ರೆಫರಿ ಹತ್ತಿರ ಮಾತಾಡೋ ಹಾಗೇ ಇಲ್ಲದ ಅಸಿಸ್ಟೆಂಟ್ ಕೋಚ್ ಪ್ರತಿ ವಿಶಲ್‌ಗೂ "ಏನ್ ಸರ್ ಇದು" ಅಂತ ಕೈ ಎತ್ತುತ್ತಾನೆ. ಮೊದಲ ಹಾಫ್ ಪೂರ್ತಿ "ಹೋಗ್ಲಿ ಬಿಡು, ನಮ್ಮೋರೇ" ಅಂತ ನುಂಗಿಕೊಂಡು, ಕೊನೆಯಲ್ಲಿ ಸುಸ್ತಾಗಿ ತಾಳ್ಮೆ ಹೋದಾಗ ಒಂದೇ ಸಲ ಟಿ. ಆಗ ಕೊಡೋದು ಫೌಲ್ ಅಲ್ಲ, ನಮ್ಮ ಸಿಟ್ಟು. ಸಣ್ಣಪುಟ್ಟದ್ದು, ಬೇಕಂತ ಮಾಡದ್ದು ಕಂಡರೂ ಕಾಣದ ಹಾಗೆ ಇರಿ ಅಂತ ನಿಯಮವೇ ಹೇಳುತ್ತೆ, ಒಪ್ಪಿದೆ. ಆದರೆ ಅದೇ ತಪ್ಪು ಮತ್ತೆ ಮತ್ತೆ ಆಗ್ತಾ ಇದ್ದರೂ ಸುಮ್ಮನಿರಿ ಅಂತ ಎಲ್ಲೂ ಹೇಳಿಲ್ಲ.

ಸಿಟ್ಟಿನ ಮಾತು ಬಂತಲ್ಲ, 2007ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆದದ್ದು ಹಲವರಿಗೆ ನೆನಪಿರಬಹುದು. ಸ್ಯಾನ್ ಆಂಟೋನಿಯೋ ತಂಡದ ಆಟಗಾರ ಟಿಮ್ ಡಂಕನ್ ಬೆಂಚಿನಲ್ಲಿ ಕೂತು ನಗ್ತಾ ಇದ್ದರು ಅಂತ ರೆಫರಿ ಜೋಯಿ ಕ್ರಾಫರ್ಡ್ ಟೆಕ್ನಿಕಲ್ ಹಾಕಿ ಹೊರಗೆ ಕಳಿಸಿದರು. ನಕ್ಕಿದ್ದಕ್ಕೆ! ಲೀಗ್‌ನವರು ಡಂಕನ್‌ಗೆ ದಂಡ ಹಾಕಿದರು, ರೆಫರಿಯನ್ನ ಆ ಸೀಸನ್ ಮುಗಿಯೋವರೆಗೂ ಮನೆಗೆ ಕಳಿಸಿದರು. ಅಷ್ಟು ವರ್ಷ ಅನುಭವ ಇದ್ದವರಿಗೇ ಹೀಗಾಗಿದೆ, ಇನ್ನು ನಮ್ಮದೇನು.

ಸರಿ, ಕಳೆದ ವಾರದ ಮ್ಯಾಚ್‌ಗೆ ಬರ್ತೀನಿ. ರೆಫರಿ ಸಣ್ಣ ವಯಸ್ಸಿನ ಹುಡುಗಿ. ಎರಡನೇ ಕ್ವಾರ್ಟರ್‌ನಲ್ಲಿ ಚೆಂಡು ಔಟ್ ಆಗಿ ಗಡಿಯಾರ ನಿಂತಾಗ ಬೆಂಚಿನ ಹತ್ತಿರ ನಡೆದು ಹೋಗಿ, ಆ ಹುಡುಗನಿಗೊಂದು ಮಾತು, ಕೋಚ್‌ಗೊಂದು ಮಾತು ಹೇಳಿ, ಟೇಬಲ್ ಕಡೆ ಒಂದು ಸಲ ನೋಡಿ ವಾಪಸ್ ಬಂದಿದ್ದಳು. ಹತ್ತು ಸೆಕೆಂಡೂ ಆಗಿಲ್ಲ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಆಗ ನಾನು ಗಮನ ಕೊಡದೆ ಮಂಡಕ್ಕಿಯಲ್ಲಿ ಈರುಳ್ಳಿ ಹುಡುಕ್ತಾ ಇದ್ದೆ.

ಹಾಗಾಗಿ ಮೂರನೇ ಕ್ವಾರ್ಟರ್‌ನಲ್ಲಿ ಬಿ ಬಿದ್ದಾಗ ಆ ಕೋಚ್ ಅವಳ ಕಡೆ ತಿರುಗಲೇ ಇಲ್ಲ. ತಿರುಗಿದ್ದು ಹುಡುಗನ ಕಡೆ. ಕಾಲರ್ ಹಿಡಿದು ಎಬ್ಬಿಸಿ, ತಂದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಮ್ಯಾಚ್ ಮುಗಿಯೋವರೆಗೂ ಅವನ ತೊಡೆ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಹಿರಿಯರು ಅದನ್ನೇ ನೋಡ್ತಾ, "ಹಾಂ, ಅಪ್ಪಂಗೆ ಹೇಳಿದ್ಲು ಕಾಣ್ತದೆ" ಅಂದರು.