ಎರಡು ಟನ್ ಅಂತೆ ಎರಡು ಟನ್

ಕೈ ಇನ್ನೂ ನಡುಗ್ತಿದೆ, ಗ್ರೀಸ್ ಕೂಡ ತೊಳ್ಕೊಂಡಿಲ್ಲ. ಜಾಕ್ ಮಾರಿದೋನ್ನ ಭಾರ ಯಾರಪ್ಪಾ ಕೇಳಿದ್ದು, ಜಾಕ್ ಎಷ್ಟೆತ್ತರ ಏಳತ್ತೆ ಅಂತ ಹೇಳ್ಬೇಕಿತ್ತು ತಾನೆ? "ಬೊಲೆರೋಗೆ ಆಗತ್ತಾ" ಅಂತ ಎರಡೆರಡು ಸಲ ಕೇಳೇ ತಗೊಂಡಿದ್ದು. "ಎರಡು ಟನ್ ಸಾರ್, ಕಣ್ಮುಚ್ಕೊಂಡ್ ತಗೊಂಡೋಗಿ" ಅಂದ. ಪೂರ್ತಿ ಎದ್ರೆ 33 ಸೆಂಟಿಮೀಟರ್, ಅಷ್ಟೇ.

ಛತ್ರದ ಮುಂದೆ ಹಿಂದಿನ ಚಕ್ರ ಪಂಕ್ಚರ್, ಬೀಗರೆಲ್ಲಾ ಎಲೆ ಅಡಿಕೆ ಹಾಕ್ಕೊಂಡು ನೋಡ್ತಾ ನಿಂತಿದಾರೆ, ನಾನು ಲಿವರ್ ಒತ್ತೀ ಒತ್ತೀ ಜಾಕ್ ಪೂರ್ತಿ ಎದ್ದು ನಿಂತಿದೆ, ಚಾಸಿಗೂ (ಗಾಡಿ ಅಡಿಯ ಕಬ್ಬಿಣದ ಫ್ರೇಮು) ಅದಕ್ಕೂ ಇನ್ನೂ ನಾಲ್ಕು ಬೆರಳು ಗ್ಯಾಪು! ಯಾರೋ "ಇಟ್ಟಿಗೆ ಇಡ್ರೀ" ಅಂದ್ರು. ಇಟ್ಟೆ. ಮತ್ತೆ ಒತ್ತಿದೆ. ಬಾಡಿ ಏಳ್ತಿದೆ, ಸ್ಪ್ರಿಂಗ್ ಜೋತು ಬೀಳ್ತಿದೆ, ಚಕ್ರ ಮಾತ್ರ ನೆಲ ಬಿಡ್ತಿಲ್ಲ. ಇಟ್ಟಿಗೆ ಟಪ್ ಅಂತ ಎರಡು ಹೋಳಾಯ್ತು, ಗಾಡಿ ಧಡ್ ಅಂತ ಕೂತ್ಕೊಳ್ತು, ಜಾಕ್ ಜಾರಿ ಅಡ್ಡ ಬಿತ್ತು. ಒಂದು ನಿಮಿಷ ಮುಂಚೆ ನನ್ ತಲೆ ಅದರ ಕೆಳಗಿತ್ತು ರೀ. ನಕ್ರು. ತಲೆ ಉಳೀತು ಅಂತ ಒಬ್ರಾದ್ರೂ ಅನ್ಲಿಲ್ಲ, "ಸ್ಟೆಪ್ನಿ ಹಾಕಕ್ಕೆ ಬರದವ್ರಿಗೆ ಗಾಡಿ ಯಾಕೆ" ಅಂದ್ರು. ಮಗಳು ಪಕ್ಕದಲ್ಲೇ ನಿಂತಿದ್ಲು. ಅವಳ ಮುಖ ನೋಡಕ್ಕಾಗ್ಲಿಲ್ಲ ನಂಗೆ.

ಆಮೇಲೆ ಪಂಕ್ಚರ್ ಅಂಗಡಿ ಹುಡುಗ ಬಂದ. ಅದೇ ಜಾಕು! ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ, ಯಾಕಂದ್ರೆ ಒಂದು ಹಿಂದಿನ ಚಕ್ರ ಮೇಲೆದ್ರೆ ಗಾಡಿನ ಗೇರಲ್ಲಿ ನಿಲ್ಸಿದ್ರೂ ಅದು ಹಿಡಿಯಲ್ವಂತೆ. ಚಕ್ರ ನೆಲದ ಮೇಲಿದ್ದಾಗ್ಲೇ ನಟ್ ಲೂಸ್ ಮಾಡ್ದ. ಚಾಸಿ ಕಡೆ ತಿರುಗಿನೂ ನೋಡ್ಲಿಲ್ಲ, ಹಿಂದಿನ ಆಕ್ಸಲ್ ಹೌಸಿಂಗ್ (ಚಾಸಿಗಿಂತ ಕೆಳಗೆ ಎರಡು ಹಿಂದಿನ ಚಕ್ರ ಸೇರಿಸೋ ದಪ್ಪ ಕೊಳವೆ) ಕೆಳಗೆ, ಸ್ಪ್ರಿಂಗ್ ಪಟ್ಟಿ ಪಕ್ಕದಲ್ಲೇ ಜಾಕ್ ಕೊಟ್ಟ, ಚಕ್ರ ಸಲೀಸಾಗಿ ಎದ್ದೇ ಬಿಡ್ತು. ಬಿಚ್ಚಿದ ಚಕ್ರನ ಗಾಡಿ ಅಡಿಗೆ ಮಲಗಿಸ್ದ, ಜಾಕ್ ಜಾರಿದ್ರೂ ಗಾಡಿ ಅದರ ಮೇಲೆ ಕೂರ್ಲಿ ಅಂತ.

ಹಂಗಾದ್ರೆ ತಪ್ಪು ನಂದೇನಾ? ಇರ್ಬೋದು. ಇಲ್ಲ, ಒಪ್ಪಲ್ಲ ನಾನು! ಎತ್ತರದ ಗಾಡಿಗೆ ಜಾಕ್ ಎಲ್ಲಿ ಕೊಡ್ಬೇಕು ಅಂತ ಡ್ರೈವಿಂಗ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ರಾ? ಮಾರೋನು ಹೇಳಿದ್ನಾ? ಡಬ್ಬದ ಮೇಲೆ ಟನ್ ಇಷ್ಟ್ ದಪ್ಪ ಅಕ್ಷರದಲ್ಲಿ ಹಾಕಿ ಎತ್ತರ ಇರುವೆ ಸೈಜಲ್ಲಿ ಯಾಕೆ ಹಾಕ್ತಾರೆ? ಯಾರಾದ್ರೂ ಉತ್ರ ಕೊಡಿ, ಯಾರಾದ್ರೂ ಸರಿ.

ನಾಳೆ ಜಾಕ್ ಸ್ಟ್ಯಾಂಡ್ ತರ್ಬೇಕು, ಎತ್ತಿದ ಗಾಡಿನ ಹೊತ್ಕೊಂಡು ನಿಲ್ಲೋ ಕಬ್ಬಿಣದ ಸ್ಟ್ಯಾಂಡು. ಬರೀ ಜಾಕ್ ನಂಬಿ ಇನ್ಮೇಲೆ ಗಾಡಿ ಅಡಿಗೆ ಕೈ ಹಾಕಲ್ಲ. ಅದನ್ನೂ ಆ ಜಾಕ್ ಮಾರಿದೋನ ಹತ್ರನೇ ತಗೋಬೇಕು, ಊರಲ್ಲಿ ಇರೋದು ಅದೊಂದೇ ಅಂಗಡಿ.