ಒಬ್ಬರೇ ವಿದೇಶ ಸುತ್ತಿ ಬಂದರೆ ಬದುಕು ಬದಲಾಗುತ್ತದೆಯೇ?

ದುಡಿಮೆಗೆ ನಿಂತ ಹುಡುಗ ಹುಡುಗಿಯರು ಮದುವೆ, ಮನೆ, ಮಕ್ಕಳು ಅನ್ನುವ ಮೊದಲು ಒಂದು ಸಲ ಒಬ್ಬರೇ ಹೊರದೇಶಕ್ಕೆ ಹೋಗಿ ಬರಬೇಕೇ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಮನೆಗಳಲ್ಲೂ ಈಗ ಈ ಮಾತು ಎದ್ದಿದೆ. ಹೋಗಲೇಬೇಕು ಎನ್ನುತ್ತಾರೆ ಗಂಗಾವತಿಯ ಯುವತಿಯೊಬ್ಬರು. ಅಷ್ಟೊಂದು ನಂಬಬೇಡಿ ಎನ್ನುತ್ತಾರೆ ಸಿಂಧನೂರಿನ ಉಪನ್ಯಾಸಕರೊಬ್ಬರು.

ಪರ: ಕೇಳೋಕೆ ಯಾರೂ ಇಲ್ಲದಾಗ ತೀರ್ಮಾನ ನಮ್ಮದೇ

ಹಂಪಿಯ ಎದುರು ದಡದ ವಿರೂಪಾಪುರಗಡ್ಡಿಯ ರೆಸಾರ್ಟ್‌ಗಳನ್ನು 2020ರಲ್ಲಿ ಕೆಡವಿದರು. ಅದಕ್ಕೂ ಮೊದಲು ಗಂಗಾವತಿಯ ನಾವು ಆ ಕಡೆ ಹೋದಾಗಲೆಲ್ಲ ವಿದೇಶಿ ಹುಡುಗಿಯರು ಕಾಣುತ್ತಿದ್ದರು. 20, 22ರ ವಯಸ್ಸು. ಬಾಡಿಗೆ ಮೊಪೆಡ್ ಹತ್ತಿ ಒಬ್ಬೊಬ್ಬರೇ ಸಾಣಾಪುರ ಕೆರೆ ಕಡೆ ಹೊರಡುತ್ತಿದ್ದರು. ನಮ್ಮವರು ಅವರಿಗೆ ದಾರಿ ತೋರಿಸಿದರು, ಚಹಾ ಕೊಟ್ಟರು, ಹರಿಗೋಲಿನಲ್ಲಿ ಹೊಳೆ ದಾಟಿಸಿದರು. "ನಿಮ್ಮಪ್ಪ ನಿನ್ನ ಹ್ಯಾಂಗ ಕಳಿಸಿದ?" ಅಂತ ಒಬ್ಬರೂ ಕೇಳಲಿಲ್ಲ. ನಾನು ವಿಯೆಟ್ನಾಂಗೆ ಹೋಗುತ್ತೇನೆ ಎಂದಾಗ ಮಾತ್ರ ಓಣಿಯ ಎಲ್ಲ ಮನೆಯಿಂದಲೂ ಅದೇ ಪ್ರಶ್ನೆ ಬಂತು.

ಸೋದರಮಾವ ಇನ್ನೂ ನೇರವಾಗಿ ಹೇಳಿದರು: "ಮದುವಿ ಆದಮ್ಯಾಲ ಗಂಡನ ಜೋಡಿ ಹೋಗುವಂತಿ. ಈಗೇನ್ ಅವಸರ ಐತಿ?" ಮಾಮಾ ಕೆಟ್ಟವರಲ್ಲ. ಪ್ರೀತಿಯಿಂದಲೇ ಹೇಳಿದರು. ಆದರೆ ಆ ಮಾತಿನಲ್ಲಿ ಅಪ್ಪ ಇದ್ದಾರೆ, ಗಂಡ ಇದ್ದಾನೆ. ನಡುವೆ ನಾನು ಎಲ್ಲಿದ್ದೇನೆ?

ತೋರಣಗಲ್ಲಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ದಿನಾ ಲಕ್ಷಾಂತರ ರೂಪಾಯಿಯ ಬಿಲ್ಲುಗಳು ನನ್ನ ಕೈಮೇಲೆ ಹೋಗುತ್ತವೆ. ಆದರೂ ಹುಬ್ಬಳ್ಳಿಗೆ ಹೋಗಬೇಕಾದರೆ ಅಣ್ಣ ಟಿಕೆಟ್ ಮಾಡಿಸಬೇಕು, ಅಣ್ಣ ಸ್ಟೇಷನ್‌ಗೆ ಬಿಡಬೇಕು, ಇಳಿದ ಕೂಡಲೇ ಅಣ್ಣನಿಗೆ ಫೋನ್ ಮಾಡಬೇಕು. ಇದು ಕಾಳಜಿ, ಒಪ್ಪುತ್ತೇನೆ. ಆದರೆ ಈ ಕಾಳಜಿಯಲ್ಲೇ ಬೆಳೆದ ಹುಡುಗಿಗೆ ಒಂದು ತೀರ್ಮಾನವನ್ನೂ ತಾನೇ ತೆಗೆದುಕೊಂಡು ಗೊತ್ತಿರುವುದಿಲ್ಲ. ನಮ್ಮ ಗಂಡುಮಕ್ಕಳ ಕಥೆಯೂ ಬೇರೆ ಇಲ್ಲ. ಗೆಳೆಯರ ಗುಂಪಿಲ್ಲದೆ ಒಂದು ಹೋಟೆಲಿನಲ್ಲಿ ಕೂತು ಊಟ ಮಾಡದ ಹುಡುಗರು ಎಷ್ಟು ಜನ ಇಲ್ಲ!

ಕಾಗದದ ಕೆಲಸ ಅಂದುಕೊಂಡಷ್ಟು ಕಷ್ಟ ಇಲ್ಲ. ಪಾಸ್‌ಪೋರ್ಟಿಗೆ 1,500 ರೂಪಾಯಿ. ಅಪ್ಪ, ಅವ್ವ ಇಬ್ಬರಲ್ಲಿ ಒಬ್ಬರ ಹೆಸರಿದ್ದರೂ ಸಾಕು. ವಿಯೆಟ್ನಾಂ ಇ-ವೀಸಾಕ್ಕೆ 25 ಡಾಲರ್, ಅರ್ಜಿ ಮನೆಯಲ್ಲೇ ಕೂತು ಹಾಕಬಹುದು. ಹಾಸ್ಟೆಲ್ ಮಂಚಕ್ಕೆ ರಾತ್ರಿಗೆ ಐನೂರು, ಏಳುನೂರು ರೂಪಾಯಿ. ವಿಮಾನದ ಟಿಕೆಟ್ ಸೇರಿ ಒಟ್ಟು ಖರ್ಚು ನಮ್ಮ ಕಡೆ ಒಂದು ನಿಶ್ಚಿತಾರ್ಥಕ್ಕೆ ಆಗುವುದಕ್ಕಿಂತ ಕಡಿಮೆ. ಎಲ್ಲವೂ ನನ್ನ ಸಂಬಳದಲ್ಲಿ ಉಳಿಸಿದ್ದು.

ಆಗ ಅಲ್ಲಿ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಸಿಗುತ್ತಿತ್ತು, ಡಾಂಗ್ ಅಂದರೆ ಅವರ ಹಣ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಒಂದು ಆಗ ನಮ್ಮ 70 ರೂಪಾಯಿಗೂ ಕಡಿಮೆ, ಇನ್ನೊಂದು 1,600ಕ್ಕೂ ಜಾಸ್ತಿ. ಕತ್ತಲಲ್ಲಿ ಹಣ್ಣಿನ ಗಾಡಿ ಮುಂದೆ ನಿಂತು ನೋಟು ಎಣಿಸುವಾಗ ಪಕ್ಕದಲ್ಲಿ ಅಣ್ಣ ಇರುವುದಿಲ್ಲ. ದೊಡ್ಡ ನೋಟು ಒಂದು ಕಿಸೆ, ಸಣ್ಣದು ಇನ್ನೊಂದು ಕಿಸೆ ಅಂತ ಮೊದಲ ದಿನವೇ ರೂಢಿ ಮಾಡಿಕೊಂಡೆ. ದಾನಾಂಗ್‌ನಲ್ಲಿ ಒಂದು ರಾತ್ರಿ, ಕಾದಿರಿಸಿದ್ದ ಹಾಸ್ಟೆಲಿನವರು ಮಂಚ ಇಲ್ಲ ಎಂದುಬಿಟ್ಟರು. ಹೊರಗೆ ಒಬ್ಬ ಬೈಕ್‌ನವನು ರೂಮ್ ತೋರಿಸುತ್ತೇನೆ ಬಾ ಎಂದ. ನಾನು ಹೋಗಲಿಲ್ಲ. ದೀಪ ಇದ್ದ ಬೀದಿಯಲ್ಲೇ ನಡೆದೆ. ಒಂದು ಸಣ್ಣ ಗೆಸ್ಟ್‌ಹೌಸಿನ ಕೌಂಟರಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು, ಹಿಂದೆ ಅವರ ಮೊಮ್ಮಗ ಓದಿಕೊಳ್ಳುತ್ತಿದ್ದ. ಅಲ್ಲಿ ರೂಮ್ ಕೇಳಿದೆ. ಹಣ ಸ್ವಲ್ಪ ಜಾಸ್ತಿ ಆಯಿತು. ಯಾರನ್ನೂ ಕೇಳದೆ, ನೋಡಿ, ತೂಗಿ ತೆಗೆದುಕೊಂಡ ತೀರ್ಮಾನ ಅದು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೊಯ್ ಆನ್ ಕಡೆ ಹೋಗುವಾಗ ರಸ್ತೆಯಲ್ಲಿ ಭತ್ತ ಒಣಹಾಕಿದ್ದರು. ನಮ್ಮ ಕಾರಟಗಿ ರಸ್ತೆಯಲ್ಲಿ ಸುಗ್ಗಿಗೆ ಹಾಕುತ್ತಾರಲ್ಲ, ಥೇಟ್ ಹಾಗೆ. ಒಬ್ಬಾಕೆ ಬರಿಗಾಲಲ್ಲಿ ಭತ್ತದ ನಡುವೆ ಸಾಲು ಎಳೆಯುತ್ತಾ ಹೋಗುತ್ತಿದ್ದಳು. ನಾನೂ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡಿದೆ. ಒಣಗಿದೆಯೋ ಇಲ್ಲವೋ ಅಂತ ಅಪ್ಪ ನೋಡುವುದು ಹಾಗೇ. ಆಕೆ ನಕ್ಕಳು. ಭಾಷೆ ಇಲ್ಲದಿದ್ದರೂ ನಾನು ರೈತರ ಮನೆಯವಳು ಎಂದು ಅವಳಿಗೆ ಗೊತ್ತಾಯಿತು. ಅಕ್ಕಿ ರಫ್ತಿನಲ್ಲಿ ಮುಂದಿರುವ ಆ ದೇಶದಲ್ಲೂ ಭತ್ತ ಒಣಗಿಸಲು ರೈತರಿಗೆ ರಸ್ತೆಯೇ ಗತಿ ಎನ್ನುವುದನ್ನು ನೋಡಿದ ಮೇಲೆ ಅಪ್ಪನ ಕಷ್ಟವನ್ನು ಬೇರೆ ರೀತಿ ನೋಡಲು ಕಲಿತೆ.

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಿ ಸನ್ ಇದೆ. ಹಿಂದೆ ಆ ಸೀಮೆಯನ್ನು ಆಳಿದ ಚಾಮ್ ರಾಜರು ಕೆಂಪು ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವನ ಗುಡಿಗಳು. 1969ರಲ್ಲಿ ಅಮೆರಿಕದ ಬಾಂಬುಗಳು ಬಿದ್ದು ಎಷ್ಟೋ ಗುಡಿಗಳು ನೆಲಸಮವಾದವು. ಬಾಂಬು ಬಿದ್ದ ಗುಂಡಿಗಳು ಇನ್ನೂ ಇವೆ. ಉಳಿದವುಗಳ ದುರಸ್ತಿಯಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಕೆಲಸ ಮಾಡಿದ್ದಾರೆ. 2020ರಲ್ಲಿ 9ನೇ ಶತಮಾನದ ಒಂದು ಲಿಂಗ ಸಿಕ್ಕಿದ್ದು ಆ ಕೆಲಸದಲ್ಲೇ. ಹಂಪಿಯ ಮಗ್ಗುಲಲ್ಲಿ ಬೆಳೆದವಳು ನಾನು. ಪಾಳುಗುಡಿ ಅಂದರೆ ಕುರಿ ಮೇಯುವ ಜಾಗ, ಭಾನುವಾರ ಫೋಟೋ ತೆಗೆಸುವ ಜಾಗ, ಅಷ್ಟೇ ಆಗಿತ್ತು. ಅಲ್ಲಿ ಜನ ಇಟ್ಟಿಗೆಗೆ ಇಟ್ಟಿಗೆ ಜೋಡಿಸುವುದನ್ನು ಓದಿ, ನೋಡಿ ಬಂದ ಮೇಲೆ ಆನೆಗೊಂದಿಯ ಹಳೇ ಗೋಡೆಗಳ ಮುಂದೆ ಸುಮ್ನೆ ಹಾದು ಹೋಗಲು ಆಗುತ್ತಿಲ್ಲ.

ಬಂದ ಮೇಲೆ ಏನು ಬದಲಾಯಿತು? ಅಪ್ಪನ ಹೊಲದ ಪೋಡಿ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡಿಕೊಡುವ ಕೆಲಸ, ವರ್ಷಗಟ್ಟಲೆ ನಿಂತಿತ್ತು. ನಾನೇ ಕಚೇರಿಗೆ ಹೋದೆ. ಯಾವ ಕಾಗದ ಬೇಕು, ಯಾರ ಮೇಜಿನಲ್ಲಿ ನಿಂತಿದೆ, ಯಾವಾಗ ಬರಬೇಕು ಎಂದು ಬರೆಸಿಕೊಂಡೆ, ಬೆನ್ನು ಹತ್ತಿದೆ, ಮಾಡಿಸಿದೆ. ಭಾಷೆಯೇ ಬರದ ಊರಲ್ಲಿ ರಾತ್ರಿ ರೂಮ್ ಹುಡುಕಿದವಳಿಗೆ ಕನ್ನಡ ಮಾತಾಡುವ ಗುಮಾಸ್ತರ ಮುಂದೆ ನಿಲ್ಲಲು ಭಯ ಏಕೆ? ಈಗ ಬೆಳೆ ಮಾರುವ ಮೊದಲು ಅಪ್ಪ ನನಗೂ ಒಂದು ಫೋನ್ ಮಾಡುತ್ತಾರೆ. "ಹುಡುಗಿ ಒಬ್ಬಾಕೇ ಫಾರಿನ್ ತಿರುಗಿ ಬಂದಾಳಂತ" ಎಂದು ಒಂದು ಸಂಬಂಧ ತಪ್ಪಿತು. ಅವ್ವ ಎರಡು ದಿನ ಅತ್ತಳು. ನನಗೆ ಬೇಜಾರಾಗಲಿಲ್ಲ. ಆ ಮನೆಯಲ್ಲಿ ನಾನು ಹೇಗೆ ಬಾಳುತ್ತಿದ್ದೆ?

ಚಿಕ್ಕಪ್ಪನ ಮಗಳು ಈಗ ನೇಪಾಳ ಎನ್ನುತ್ತಿದ್ದಾಳೆ. ಅಲ್ಲಿಗೆ ಪಾಸ್‌ಪೋರ್ಟೂ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಚಿಕ್ಕಪ್ಪನ ಹತ್ತಿರ ನಾನೇ ಮಾತಾಡುತ್ತಿದ್ದೇನೆ.

ವಿರೋಧ: ಧೈರ್ಯ ಬಂದದ್ದು ಸಂಬಳದಿಂದ

ಗಂಗಾವತಿಯ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ಆಕೆಯ ಬಗ್ಗೆ ಗೌರವ ಜಾಸ್ತಿಯಾಯಿತು. ಹೆಣ್ಣುಮಕ್ಕಳು ಒಬ್ಬರೇ ಹೋಗಬಾರದು ಎನ್ನುವ ಗುಂಪಿನವನು ನಾನಲ್ಲ. ನನ್ನ ತಕರಾರು "ಹೋಗಿ ಬಂದರೆ ಬದುಕು ಬದಲಾಗುತ್ತದೆ" ಎಂಬ ಮಾತಿನ ಮೇಲೆ. ತಂಗಿಗೆ ಕೆಲಸ ಇತ್ತು, ಉಳಿತಾಯ ಇತ್ತು, ಮುನಿಸಿಕೊಂಡರೂ ಕೈಬಿಡದ ಮನೆ ಇತ್ತು. ಅವು ಇದ್ದವರಿಗೆ ಪ್ರವಾಸ ಒಳ್ಳೆಯದನ್ನೇ ಮಾಡೀತು. ಆದರೆ ರೀಲ್ಸ್ ನೋಡಿ ಈ ಮಾತನ್ನು ನಂಬುತ್ತಿರುವವರು ಬೇರೆ. ಅವರು ನನ್ನ ತರಗತಿಯಲ್ಲಿ ಕೂರುವವರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಪರ್ಸನಲ್ ಲೋನ್ ತೆಗೆದು ಥಾಯ್ಲೆಂಡ್, ಬಾಲಿ ಸುತ್ತಿದ. ಬಂದವನಿಗೆ ಕೆಲಸ ರುಚಿಸಲಿಲ್ಲ, ಬಿಟ್ಟ. ಇದನ್ನೂ ಬದುಕು ಬದಲಾಯಿತು ಎಂದೇ ಹೇಳಬೇಕಲ್ವಾ? ಈಗ ಅವನ ಇಎಂಐ ಕಟ್ಟುತ್ತಿರುವವರು ಅವರಪ್ಪ. ದಲಾಲಿ ಅಂಗಡಿಯಲ್ಲಿ ಇನ್ನೂ ಕೊಯ್ಯದ ಭತ್ತದ ಮೇಲೆ ಮುಂಗಡ ತೆಗೆದು ಕಟ್ಟುತ್ತಿದ್ದಾರೆ. ಆ ಅಂಗಡಿಯಲ್ಲಿ ಮುಂಗಡ ತಂದ ರೈತ ಭತ್ತವನ್ನು ಅಲ್ಲಿಗೇ ಹಾಕಬೇಕು, ಅವರು ಹೇಳಿದ ದರಕ್ಕೆ. ಹುಡುಗ ಸುತ್ತಿದ್ದು ಕೆಲವೇ ದಿನ. ಕ್ರೆಡಿಟ್ ಕಾರ್ಡಿನವರ ಕಥೆ ಇನ್ನೂ ಕಷ್ಟ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ 3ರ ಮೇಲೆ ಬಡ್ಡಿ ಓಡುತ್ತದೆ.

ಯುರೋಪಿನ ಆಸೆಯವರಿಗೆ ಇನ್ನೊಂದು ಏಟು ಇದೆ. ಅಲ್ಲಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಅರ್ಜಿಗೆ 90 ಯೂರೋ. ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ. ಖಾತೆಯಲ್ಲಿ ಹಣ ತೋರಿಸಬೇಕೆಂದು ನೆಂಟರಿಷ್ಟರಿಂದ ಕೈಗಡ ತಂದು ತುಂಬಿಸುವವರನ್ನು ನೋಡಿದ್ದೇನೆ. ಸಂಬಂಧಗಳು ಕೆಡುವುದು ಅಲ್ಲಿಂದಲೇ.

ಹಣದ ಮಾತು ಬಿಡೋಣ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನ ಕಳಿಸಿ 549 ಜನರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ಕರೆತಂದಿತು. ಮ್ಯಾನ್ಮಾರ್ ಗಡಿಯ ಆನ್‌ಲೈನ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದವರು ಅವರು. ಇದು ನಡೆಯುವ ಬಗೆ ಹೀಗಿದೆ. ಫೋನಿನಲ್ಲಿ ಒಂದು ಕೆಲಸದ ಜಾಹೀರಾತು ಬರುತ್ತದೆ, ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ಒಳ್ಳೆ ಸಂಬಳ, ಟಿಕೆಟ್ ಅವರದೇ. ಪ್ರವಾಸಿಯಾಗಿ ಬಾ, ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಇಳಿದವನನ್ನು ಕಾರಿನಲ್ಲಿ ಗಡಿಗೆ ಒಯ್ದು ಹೊಳೆ ದಾಟಿಸಿ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಆಮೇಲೆ ದಿನವಿಡೀ ಕೂತು ಬೇರೆಯವರಿಗೆ ಮೋಸ ಮಾಡಬೇಕು. "ಸುತ್ತಿದ ಹಾಗೂ ಆಯ್ತು, ಗಳಿಸಿದ ಹಾಗೂ ಆಯ್ತು" ಎಂದು ನಂಬುವ 22ರ ಹುಡುಗ, ಜೊತೆಗೆ ಯಾರೂ ಇಲ್ಲದವನು, ಇವರಿಗೆ ಬೇಗ ಸಿಗುತ್ತಾನೆ. ನಮ್ಮ ಹಳ್ಳಿಗಳಲ್ಲಿ ಅವನ ಅಪ್ಪ ಅವ್ವನಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು ಎನ್ನುವುದೂ ಅವರಿಗೆ ಗೊತ್ತಿರುವುದಿಲ್ಲ.

ನನಗೆ ನಿಜವಾಗಿ ನೋವಾಗುವುದು ಇಲ್ಲಿ. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯಿಂದ ಪ್ರತಿ ಬೇಸಿಗೆ ಜನ ಗುಳೆ ಹೋಗುತ್ತಾರೆ. 18 ತುಂಬದ ಹುಡುಗರೂ ಇರುತ್ತಾರೆ. ಗೊತ್ತಿಲ್ಲದ ಊರು, ಕಟ್ಟಡದ ಪಕ್ಕ ತಗಡಿನ ಶೆಡ್ಡು, ಅಡುಗೆ ಅವರದೇ, ಕೂಲಿಯ ಲೆಕ್ಕ ಅವರದೇ, ಜ್ವರ ಬಂದರೆ ಆಸ್ಪತ್ರೆ ಹುಡುಕುವವರೂ ಅವರೇ. ತಂಗಿ ದಾನಾಂಗ್‌ನಲ್ಲಿ ಒಂದು ರಾತ್ರಿ ತೋರಿಸಿದ ಬುದ್ಧಿಯನ್ನು ಇವರು ದಿನಾ ತೋರಿಸುತ್ತಾರೆ. ವರ್ಷ ವರ್ಷ ಹೋಗಿ ಬಂದರೂ ಇವರ ಬದುಕು ಯಾಕೆ ಬದಲಾಗಲಿಲ್ಲ? ಊರು ಬಿಟ್ಟು ಒಬ್ಬರೇ ಇರುವುದೇ ಮದ್ದಾಗಿದ್ದರೆ ನಮ್ಮ ರಾಯಚೂರು ಜಿಲ್ಲೆಗೆ ಯಾವ ಕೊರತೆಯೂ ಇರಬಾರದಿತ್ತು. ಇನ್ನು ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿನ ಮೇಲೆ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕು, ಎಂದು ಬೀಳುತ್ತದೆ. ಗಲ್ಫ್‌ಗೆ ಕೆಲಸಕ್ಕೆ ಹೋಗಲು ಅವನಿಗೆ ಸರ್ಕಾರದ ಅನುಮತಿ ಬೇರೆ ಬೇಕು. ವಿದೇಶ ಎಲ್ಲರಿಗೂ ಒಂದೇ ರೀತಿ ಬಾಗಿಲು ತೆರೆಯುವುದಿಲ್ಲ.

ಬದುಕು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬೇರೆ ದಾರಿಯಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಹಣಕ್ಕಾಗಿ ಯಾರನ್ನೂ ಕೇಳಬೇಕಾಗಿಲ್ಲದ ಹುಡುಗಿಯರು ನಮ್ಮ ಕಾಲೇಜಿಗೆ ಹಳ್ಳಿಯಿಂದ ದಿನಾ ಬರುತ್ತಿದ್ದಾರೆ. ಪದವಿ ಮುಗಿಸಿ ಧಾರವಾಡದಲ್ಲಿ ರೂಮ್ ಮಾಡಿ ಪರೀಕ್ಷೆಗೆ ಓದುತ್ತಾರೆ. ಗ್ಯಾಸ್ ಮುಗಿದರೆ ಏನು ಮಾಡಬೇಕು, ಮಾಲೀಕರ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ಅಲ್ಲೇ ಕಲಿತರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನದ 371-ಜೆ ವಿಧಿ ನಮಗೆ ಸಿಕ್ಕಿದೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಬಂದದ್ದು ಎಷ್ಟೋ ವರ್ಷದ ಹೋರಾಟದ ನಂತರ. ಅದನ್ನು ಹಿಡಿಯುವ ವಯಸ್ಸು 22ರಿಂದ 27. ಅದೇ ವಯಸ್ಸಿಗೆ ಕೈಯಲ್ಲಿದ್ದ ಹಣ, ಗಮನ, ನೆಮ್ಮದಿ ಮೂರನ್ನೂ ಒಂದು ಪ್ರವಾಸಕ್ಕೆ ಸುರಿಯಿರಿ ಎಂದು ನಾನು ಹೇಗೆ ಹೇಳಲಿ? ನೌಕರಿ ಹಿಡಿದ ನನ್ನ ವಿದ್ಯಾರ್ಥಿನಿಯ ಮಾತು ಅವಳ ಮನೆಯಲ್ಲಿ ನಡೆಯುತ್ತದೆ. ಅವಳು ಇನ್ನೂ ವಿಮಾನ ಹತ್ತಿಲ್ಲ.

ಈ ಸಲ ಕೊನೆಯ ವರ್ಷದ ಹುಡುಗನೊಬ್ಬ ಬಂದು, "ಸರ್, ಲೋನ್ ಸಿಗುತ್ತೆ, ವಿಯೆಟ್ನಾಂಗೆ ಹೋಗ್ಲಾ?" ಎಂದು ಕೇಳಿದ. ಬೇಡ ಎಂದೆ. ಮೊದಲು ಕೆಲಸ ಹಿಡಿ, ಅಪ್ಪನ ಹೆಸರಲ್ಲಿರುವ ಸಾಲ ತೀರಿಸು, ಆಮೇಲೆ ನಿನ್ನ ದುಡ್ಡಲ್ಲಿ ವಿಮೆ ಮಾಡಿಸಿಕೊಂಡು ಹೋಗು ಎಂದೆ. ಅವನಿಗೆ ಸಿಟ್ಟು ಬಂದಿದೆ, ಗೊತ್ತು. ಆದರೂ ನಾಳೆ ಬಂದು ಕೇಳಿದರೆ ಇದೇ ಹೇಳುತ್ತೇನೆ.